ಟ್ರಂಕಿನಲ್ಲಿರುವ ಹಳೇ ಕ್ಯಾಸೆಟ್‌ಗಳನ್ನು ಈ ರಜೆಯಲ್ಲೇ ಹೊರಗೆ ತೆಗೆಯಿರಿ

ಹೊರದೇಶದಲ್ಲಿ ಬೆಳೆಯುವ ನಮ್ಮ ಮಕ್ಕಳ ಬಾಯಲ್ಲಿ ಕನ್ನಡ ಉಳಿಸುವುದು ಹೇಗೆ ಅಂತ ನಮ್ಮ ನಡುವೆ ಚರ್ಚೆ ನಡೆದಿದೆ. ಆ್ಯಪ್, ಭಾನುವಾರದ ಕನ್ನಡ ಶಾಲೆ, ಕತೆ ಪುಸ್ತಕ ಎಲ್ಲ ಬಂದವು, ಎಲ್ಲವೂ ಬೇಕು. ನಾನು ಇನ್ನೊಂದು ಸೇರಿಸುತ್ತೇನೆ: ಊರಲ್ಲಿ ಹಿರಿಯರು ಮಾತಾಡಿ ತುಂಬಿಸಿಟ್ಟ ಕ್ಯಾಸೆಟ್‌ಗಳು.

1980ರ ದಶಕದಲ್ಲಿ ನಮ್ಮ ಕಾಕಾ ಮಸ್ಕತ್‌ನಲ್ಲಿದ್ದರು. ಆಗ ಬಾಗಲಕೋಟೆಯಿಂದ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು. ಮೂರು ನಿಮಿಷಕ್ಕೊಂದು ಲೆಕ್ಕ, ಅದರಲ್ಲಿ ಅರ್ಧ 'ಹಲೋ ಹಲೋ'ಗೇ ಹೋಗುತ್ತಿತ್ತು. ಅದಕ್ಕೇ ನಮ್ಮ ಮನೆಯಲ್ಲಿ ಕ್ಯಾಸೆಟ್ ತುಂಬಿಸಿ, ಆ ಕಡೆ ಹೋಗುವವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಅರವತ್ತು ನಿಮಿಷದ ಕ್ಯಾಸೆಟ್ ಅಂದರೆ ಒಂದು ಬದಿಗೆ ಅರ್ಧ ತಾಸು. ಆಯಿ (ಅಜ್ಜಿ) ಅಷ್ಟನ್ನೂ ಒಬ್ಬಳೇ ತುಂಬುತ್ತಿದ್ದಳು.

'ಏ ತಮ್ಮಾ, ಆರಾಮ ಅದೀಯೇನ? ಈ ಸಲ ಜ್ವಾಳ ಚಲೋ ಬಂದಾವು. ಎಮ್ಮಿ ಈದೈತಿ, ಗಿಣ್ಣ ತಿನ್ನಾಕ ನೀನs ಇಲ್ಲ ನೋಡು.' ನಡುವೆ ಯಾರೋ ಬಾಗಿಲಿಗೆ ಬರುತ್ತಾರೆ, ಆಯಿ ಅವರ ಜೊತೆ ಮಾತಿಗೆ ನಿಲ್ಲುತ್ತಾಳೆ, ಟೇಪ್ ಓಡುತ್ತಲೇ ಇರುತ್ತದೆ. ಇನ್ನೊಂದರಲ್ಲಿ ಹೋಳಿ ಹುಣ್ಣಿಮೆಯ ಹಲಗಿ ಬಡಿತ. ಬಾಗಲಕೋಟೆ ಹೋಳಿ ನೋಡಿದವರಿಗೆ ಆ ಸದ್ದು ಗೊತ್ತು. ಆ ಮನೆ, ಆ ಓಣಿ ಆಲಮಟ್ಟಿ ಹಿನ್ನೀರಿನ ಮುಳುಗಡೆಗೆ ಹೋದವು. ಈಗ ನಮ್ಮವರೆಲ್ಲ ಮುಳುಗಡೆಯಾದವರಿಗೆ ಕಟ್ಟಿದ ನವನಗರದಲ್ಲಿದ್ದಾರೆ. ಆ ಪಡಸಾಲೆಯ ಸದ್ದು ಉಳಿದಿರುವುದು ಈ ಟೇಪಿನಲ್ಲಿ ಮಾತ್ರ.

ವಿಡಿಯೋ ಕಾಲ್ ಇದೆಯಲ್ಲ ಅಂತ ಕೇಳಬಹುದು. ಇದೆ, ದೇವರ ದಯೆ. ಆದರೆ ಅದರಲ್ಲಿ ನನ್ನ ಮಕ್ಕಳು 'ಊಟ ಆಯ್ತಾ' ಅಂತ ಕೇಳಿ ಓಡಿಹೋಗುತ್ತಾರೆ. ಕ್ಯಾಸೆಟ್ಟಿನಲ್ಲಿ ಆಯಿ ಯಾರ ಉತ್ತರಕ್ಕೂ ಕಾಯುವುದಿಲ್ಲ. ಮಳೆ, ಸಾಲ, ಮದುವೆ ಮಾತುಕತೆ ಎಲ್ಲ ಒಂದರ ಹಿಂದೊಂದು ಬರುತ್ತವೆ. ಕಾರಿನಲ್ಲಿ ಹಚ್ಚಿದರೆ ಮಕ್ಕಳು ಸುಮ್ನೆ ಕೇಳುತ್ತಾರೆ. ಮಗಳು ಈಗ ತಮ್ಮನನ್ನು ಎಬ್ಬಿಸುವುದೇ 'ಏ ತಮ್ಮಾ, ಆರಾಮ ಅದೀಯೇನ' ಅಂತ, ಆಯಿಯ ಎಳೆತವೂ ಹಾಗೇ ಇದೆ. ಯಾವ ಪುಸ್ತಕದಿಂದ ಇದು ಬರುತ್ತದೆ ಹೇಳಿ?

ಆದರೆ ತಡ ಮಾಡಬೇಡಿ. ಬೆಳಗಾವಿ, ಖಾನಾಪುರ ಕಡೆಯ ಮಳೆಗೆ ಟೇಪಿನ ಮೇಲೆ ಬಿಳಿ ಬೂಷ್ಟು ಹತ್ತುತ್ತದೆ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಹಾಗೆ ಕಂಡರೆ ಪ್ಲೇಯರಿಗೆ ಹಾಕಲೇಬೇಡಿ, ಅದು ಉಳಿದ ಕ್ಯಾಸೆಟ್‌ಗಳಿಗೂ ಹರಡುತ್ತದೆ. ವಿಜಯಪುರ, ಬಾಗಲಕೋಟೆಯ ಒಣ ಹವೆಯಲ್ಲಿ ಬೂಷ್ಟು ಕಡಿಮೆ, ಆದರೆ ಬೇಸಿಗೆಯಲ್ಲಿ ತಗಡಿನ ಟ್ರಂಕು ಕಾಯುತ್ತದಲ್ಲ, ಆ ಬಿಸಿಯೂ ಟೇಪಿಗೆ ಒಳ್ಳೆಯದಲ್ಲ. ದನಿ ಮಂಕಾಗಿ ಕೇಳಿದರೆ ಒಳಗಿನ ಪುಟ್ಟ ಬಟ್ಟೆಯ ಪ್ಯಾಡ್ ಉದುರಿದೆಯಾ ನೋಡಿ. ಸ್ಕ್ರೂ ಇರುವ ಕ್ಯಾಸೆಟ್ ಆದರೆ ಬಿಚ್ಚಿ, ಟೇಪನ್ನು ಬೇರೆ ಕ್ಯಾಸೆಟ್ಟಿನ ಚಿಪ್ಪಿಗೆ ಹಾಕಬಹುದು.

ಕಂಪ್ಯೂಟರಿಗೆ ಇಳಿಸಿಕೊಳ್ಳುವ ಮೊದಲು ಕ್ಯಾಸೆಟ್ಟಿನ ಮೇಲಿನ ಎರಡು ಮೂಲೆಯ ಪುಟ್ಟ ಪ್ಲಾಸ್ಟಿಕ್ ತುಂಡು ಮುರಿಯಿರಿ, ಆಗ ತಪ್ಪಿ ರೆಕಾರ್ಡ್ ಒತ್ತಿದರೂ ಆಯಿಯ ಮಾತು ಅಳಿಯುವುದಿಲ್ಲ. ಒಮ್ಮೆ ಕೊನೆಯವರೆಗೆ ಫಾರ್ವರ್ಡ್ ಮಾಡಿ, ಮತ್ತೆ ಹಿಂದಕ್ಕೆ ಸುತ್ತಿ, ಆಮೇಲೆ ಪ್ಲೇ ಮಾಡಿ. ಪ್ಲೇಯರಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್-ಇನ್‌ಗೆ ಒಂದು ವೈರ್ ಸಾಕು. ಆಡಾಸಿಟಿ ಅನ್ನುವ ಸಾಫ್ಟ್‌ವೇರ್ ಉಚಿತ. ಮೊದಲು ದನಿ ಕುಗ್ಗಿಸದ ವೇವ್ (WAV) ಫೈಲ್ ಆಗಿಯೇ ಉಳಿಸಿ, ಹಂಚಿಕೊಳ್ಳಲು ಬೇರೆ ಎಂಪಿ3 ಮಾಡಿ. ಸುಯ್ ಅನ್ನುವ ಸದ್ದು ತೆಗೆಯಲು ಹೋಗಿ ಮೂಲ ಫೈಲ್ ಕೆಡಿಸಬೇಡಿ.

ಡಿಸೆಂಬರ್ ರಜೆಗೆ ಊರಿಗೆ ಹೋಗುವವರು ಕ್ಯಾಸೆಟ್‌ಗಳನ್ನು ಕೈಚೀಲದಲ್ಲೇ ತನ್ನಿ. ವಿಮಾನ ನಿಲ್ದಾಣದ ಎಕ್ಸ್‌ರೇಯಿಂದ ಅವಕ್ಕೆ ಏನೂ ಆಗುವುದಿಲ್ಲ. ಹೊರಡುವ ಮೊದಲು ಹಿರಿಯರನ್ನು ಕೂರಿಸಿಕೊಂಡು, ಯಾವುದರಲ್ಲಿ ಯಾರ ದನಿ ಇದೆ ಅಂತ ಕೇಳಿ ಚೀಟಿ ಅಂಟಿಸಿ. ಅದನ್ನು ಹೇಳಬಲ್ಲವರು ಅವರೇ. ಮೆಲ್ಬರ್ನ್‌ನಲ್ಲಿ ಇರುವವರಿಗೆ ಪ್ಲೇಯರ್ ಬೇಕಿದ್ದರೆ ನನ್ನದು ಇದೆ, ಶನಿವಾರ ಮನೆಗೆ ಬನ್ನಿ, ಕೂತು ಮಾಡೋಣ.