ಡೆಬಿಯನ್ 12ರಲ್ಲಿ ಬ್ರಾಡ್‌ಕಾಮ್ 43142 ವೈಫೈ: ಬಲ್ಲವರು ತಿಳಿಸಿ

ಕೇಳಿದವರು: ಹಳೆಯ ಲ್ಯಾಪ್‌ಟಾಪ್‌ಗೆ ಡೆಬಿಯನ್ 12 ಲಿನಕ್ಸ್ ಹಾಕಿದ್ದೇನೆ, ವೈಫೈ ಗುರುತೇ ಇಲ್ಲ. ನಾನ್-ಫ್ರೀ-ಫರ್ಮ್‌ವೇರ್ ಎಂಬ ಪ್ಯಾಕೇಜ್ ವಿಭಾಗ ಸೇರಿಸಿ ಅಪ್‌ಡೇಟ್ ಮಾಡಿದರೂ ಅಷ್ಟೇ. ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಕೊಟ್ಟರೆ ಬಿಸಿಎಂ43142, 14ಇ4:4365 ಎಂದು ತೋರಿಸುತ್ತದೆ. ಲ್ಯಾನ್ ಪೋರ್ಟ್ ಇಲ್ಲ. ಯಾವ ಫರ್ಮ್‌ವೇರ್ ಹಾಕಲಿ?

ಉತ್ತರ: ನಿಮಗೆ ಬೇಕಿರುವುದು ಫರ್ಮ್‌ವೇರ್ ಅಲ್ಲ ಸರ್, ಡ್ರೈವರ್. ಹೆಚ್ಚಿನವರು ಎಡವುವುದೇ ಇಲ್ಲಿ. ಫರ್ಮ್‌ವೇರ್ ಕಾರ್ಡಿನ ಚಿಪ್ ಒಳಗೆ ಓಡುತ್ತದೆ. ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿದ್ದು ಆ ಚಿಪ್ಪನ್ನು ನಡೆಸುತ್ತದೆ. ಇಂಟೆಲ್ ಕಾರ್ಡಾಗಿದ್ದರೆ ಡ್ರೈವರ್ ಕರ್ನಲ್‌ನಲ್ಲೇ ಇರುತ್ತಿತ್ತು, ಫರ್ಮ್‌ವೇರ್ ಫೈಲ್ ಸಿಕ್ಕರೆ ಸಾಕಿತ್ತು. ನಿಮ್ಮ ಚಿಪ್‌ಗೆ ಕರ್ನಲ್‌ನ ಬಿ43 ಡ್ರೈವರ್ ಒದಗುವುದಿಲ್ಲ, ಬ್ರಾಡ್‌ಕಾಮ್‌ನ ಮುಚ್ಚಿದ ಡ್ರೈವರ್ ‘ಡಬ್ಲ್ಯೂಎಲ್’ ಒಂದೇ ಗತಿ. ಡೆಬಿಯನ್ 12ರಿಂದ ಫರ್ಮ್‌ವೇರ್‌ಗೆ ಪ್ರತ್ಯೇಕ ವಿಭಾಗ ಆಯಿತು, ಈ ಡ್ರೈವರ್ ಮಾತ್ರ ಹಳೆಯ ನಾನ್-ಫ್ರೀ ವಿಭಾಗದಲ್ಲೇ ಉಳಿಯಿತು. ಪ್ಯಾಕೇಜ್ ಎಲ್ಲಿಂದ ತರಬೇಕೆಂದು ಬರೆದಿರುವ ಸೋರ್ಸಸ್.ಲಿಸ್ಟ್ ಫೈಲ್ ತೆರೆದು, ‘ಮೇನ್’ ಇರುವ ಪ್ರತಿ ಸಾಲಿನಲ್ಲೂ ಕಾಂಟ್ರಿಬ್, ನಾನ್-ಫ್ರೀ, ನಾನ್-ಫ್ರೀ-ಫರ್ಮ್‌ವೇರ್ ಮೂರನ್ನೂ ಬರೆಯಿರಿ.

ಇಂಟರ್ನೆಟ್‌ಗೆ ಆಂಡ್ರಾಯ್ಡ್ ಫೋನನ್ನು ಡೇಟಾ ಕೇಬಲ್‌ನಲ್ಲಿ ಜೋಡಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ವೈರ್ಡ್ ಕನೆಕ್ಷನ್ ಎಂದು ಕಾಣಿಸಿಕೊಳ್ಳುತ್ತದೆ. ಬರೀ ಚಾರ್ಜ್ ಆಗುವ ಕೇಬಲ್ ಆದರೆ ಟೆದರಿಂಗ್ ಬಟನ್ ಒತ್ತಲು ಬರುವುದಿಲ್ಲ, ಕೇಬಲ್ ಬದಲಿಸಿ ನೋಡಿ. ಆಮೇಲೆ ಆಪ್ಟ್ ಅಪ್‌ಡೇಟ್ ಕೊಟ್ಟು, ‘ಲಿನಕ್ಸ್-ಹೆಡರ್ಸ್-ಎಎಂಡಿ64’ ಮತ್ತು ‘ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್’ ಎರಡನ್ನೂ ಇನ್‌ಸ್ಟಾಲ್ ಮಾಡಿ ರೀಬೂಟ್ ಮಾಡಿ. ಅಡ್ಡ ಬರುವ ಬಿ43, ಬಿಸಿಎಂಎ, ಎಸ್‌ಎಸ್‌ಬಿ ಮಾಡ್ಯೂಲ್‌ಗಳನ್ನು (ಕರ್ನಲ್‌ಗೆ ಸೇರುವ ಡ್ರೈವರ್ ತುಂಡುಗಳು) ಆ ಪ್ಯಾಕೇಜೇ ಬ್ಲ್ಯಾಕ್‌ಲಿಸ್ಟ್ ಮಾಡುತ್ತದೆ.

ಇನ್ನೊಬ್ಬರು: ಹೆಡರ್ಸ್ (ಡ್ರೈವರ್ ಕಟ್ಟಲು ಬೇಕಾದ ಕರ್ನಲ್ ಫೈಲ್‌ಗಳು) ವಿಷಯದಲ್ಲಿ ಒಂದು ಮಾತು ಸೇರಿಸುತ್ತೇನೆ. ಈಗ ಓಡುತ್ತಿರುವ ಕರ್ನಲ್‌ನ ಆವೃತ್ತಿ ಸಂಖ್ಯೆ ಇರುವ ಹೆಡರ್ಸ್ ಮಾತ್ರ ಹಾಕಿಕೊಂಡರೆ ಇವತ್ತು ನಡೆಯುತ್ತದೆ, ಮುಂದಿನ ಕರ್ನಲ್ ಅಪ್‌ಡೇಟ್ ಆದ ದಿನ ವೈಫೈ ಹೋಗುತ್ತದೆ. ಪ್ರತಿ ಕರ್ನಲ್‌ಗೂ ಮಾಡ್ಯೂಲನ್ನು ತಾನೇ ಕಟ್ಟುವ ಸಾಧನ ಡಿಕೆಎಂಎಸ್, ಹೊಸ ಕರ್ನಲ್‌ಗೆ ಕಟ್ಟಲು ಅದಕ್ಕೆ ಹೆಡರ್ಸ್ ಸಿಗುವುದಿಲ್ಲ. ‘ಎಎಂಡಿ64’ ಎಂದಷ್ಟೇ ಇರುವ ಪ್ಯಾಕೇಜ್ ಕರ್ನಲ್ ಜೊತೆಗೇ ಮುಂದುವರಿಯುತ್ತದೆ. ಆದರೆ ಬ್ಯಾಕ್‌ಪೋರ್ಟ್ಸ್‌ನಿಂದ (ಹೊಸ ಆವೃತ್ತಿಗಳು ಸಿಗುವ ಡೆಬಿಯನ್ ವಿಭಾಗ) ಹೊಸ ಕರ್ನಲ್ ತರಬೇಡಿ. ಈ ಡ್ರೈವರ್‌ನ ಮೂಲ 2015ರದ್ದು, ಕರ್ನಲ್ ಮುಂದೆ ಹೋದ ಹಾಗೆ ಬಿಲ್ಡ್ ಕೈಕೊಡುತ್ತದೆ. ಹಾಗಾದರೆ ಬೂಟ್ ವೇಳೆ ಬರುವ ಗ್ರಬ್ ಮೆನುವಿನಲ್ಲಿ ಹಳೆಯ ಕರ್ನಲ್ ಆರಿಸಿ ಬೂಟ್ ಮಾಡಿ.

ಕೇಳಿದವರು: ‘ಡಿಕೆಎಂಎಸ್ ಸ್ಟೇಟಸ್’ ಕೊಟ್ಟರೆ ‘ಇನ್‌ಸ್ಟಾಲ್ಡ್’ ಅನ್ನುತ್ತದೆ. ಆದರೆ ‘ಮೋಡ್‌ಪ್ರೋಬ್ ಡಬ್ಲ್ಯೂಎಲ್’ ಕೊಟ್ಟರೆ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಎಂದು ಬರುತ್ತಿದೆ.

ಉತ್ತರ: ಅದು ಸೆಕ್ಯೂರ್ ಬೂಟ್, ನಂಬಿಕೆಯ ಸಹಿ ಇಲ್ಲದ್ದನ್ನು ತಡೆಯುವ ವ್ಯವಸ್ಥೆ. ನಿಮ್ಮ ಯಂತ್ರದಲ್ಲೇ ಕಟ್ಟಿದ ಮಾಡ್ಯೂಲ್‌ನ ಸಹಿಯನ್ನು ಕರ್ನಲ್ ಇನ್ನೂ ನಂಬಿಲ್ಲ. ವಾರ್ ಒಳಗಿನ ಲಿಬ್, ಅದರೊಳಗಿನ ಡಿಕೆಎಂಎಸ್ ಫೋಲ್ಡರ್‌ನಲ್ಲಿ ‘ಮೋಕ್.ಪಬ್’ ಎಂಬ ಕೀ ಫೈಲ್ ಇದೆ. ಸೂಡೋ ಜೊತೆ ‘ಮೋಕ್‌ಯುಟಿಲ್ --ಇಂಪೋರ್ಟ್’ ಬರೆದು ಆ ಫೈಲಿನ ಪೂರ್ತಿ ದಾರಿ ಕೊಡಿ. ಪಾಸ್‌ವರ್ಡ್ ಎರಡು ಸಲ ಕೇಳುತ್ತದೆ. ಬರೀ ಸಣ್ಣ ಇಂಗ್ಲಿಷ್ ಅಕ್ಷರ ಹಾಕಿ, ಮುಂದಿನ ಪರದೆಯಲ್ಲಿ ಕೀಬೋರ್ಡ್ ಅಮೆರಿಕನ್ ಜೋಡಣೆಯಲ್ಲಿರುತ್ತದೆ. ರೀಬೂಟ್ ಆದಾಗ ನೀಲಿ ಪರದೆ ಬರುತ್ತದೆ, 10 ಸೆಕೆಂಡಿನೊಳಗೆ ಯಾವುದಾದರೂ ಕೀ ಒತ್ತಿ. ‘ಎನ್‌ರೋಲ್ ಮೋಕ್’, ‘ಕಂಟಿನ್ಯೂ’, ‘ಯೆಸ್’, ಪಾಸ್‌ವರ್ಡ್, ರೀಬೂಟ್. ಆ ಪರದೆ ತಪ್ಪಿಸಿಕೊಂಡರೆ ಇಂಪೋರ್ಟ್‌ನಿಂದ ಮತ್ತೆ ಶುರು ಮಾಡಬೇಕು. ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿದರೂ ಕೆಲಸ ಆಗುತ್ತದೆ. ನನ್ನ ಸಲಹೆ ಕೀ ಸೇರಿಸಿಕೊಳ್ಳುವುದೇ.

ಕೇಳಿದವರು: ವೈಫೈ ಬಂತು, ತುಂಬಾ ಧನ್ಯವಾದ! ಆದರೆ ಮನೆಯ ರೌಟರ್‌ನ 5ಜಿ ಹೆಸರು ಕಾಣುತ್ತಿಲ್ಲ, ಬ್ಲೂಟೂತ್ ಇಯರ್‌ಫೋನೂ ಸೇರುತ್ತಿಲ್ಲ.

ಇನ್ನೊಬ್ಬರು: 43142 ಬರೀ 2.4 ಗಿಗಾಹರ್ಟ್ಸ್ ಕಾರ್ಡ್, 5 ಗಿಗಾಹರ್ಟ್ಸ್ ಅದಕ್ಕೆ ಯಾವತ್ತೂ ಕಾಣುವುದಿಲ್ಲ. ರೌಟರ್‌ನ ವೈಫೈ ಭದ್ರತೆಯನ್ನು ಡಬ್ಲ್ಯೂಪಿಎ3 ಮಾತ್ರ ಇಟ್ಟಿದ್ದರೆ ಡಬ್ಲ್ಯೂಪಿಎ2 ಮಾಡಿ, ಈ ಡ್ರೈವರ್ ಅಲ್ಲಿಗೇ ನಿಂತಿದೆ. ಬ್ಲೂಟೂತ್‌ಗೆ ಮಾತ್ರ ನೀವು ಮೊದಲು ಕೇಳಿದ ಫರ್ಮ್‌ವೇರೇ ಬೇಕು. ‘ಡಿಎಂಇಎಸ್‌ಜಿ’ ಕಮಾಂಡ್ ತೋರಿಸುವ ಕರ್ನಲ್ ಸಂದೇಶಗಳಲ್ಲಿ ‘ಬಿಸಿಎಂ’ ಹುಡುಕಿ. ಸಿಗದ ಫೈಲಿನ ಹೆಸರು, ಕೊನೆಯಲ್ಲಿ ‘.ಎಚ್‌ಸಿಡಿ’ ಇರುವುದು, ಅಕ್ಷರಕ್ಕೆ ಅಕ್ಷರ ಅಲ್ಲೇ ಬರೆದಿರುತ್ತದೆ. ಅದೇ ಹೆಸರಿನ ಫೈಲನ್ನು ಲಿಬ್ ಒಳಗಿನ ಫರ್ಮ್‌ವೇರ್ ಫೋಲ್ಡರ್‌ನ ‘ಬಿಆರ್‌ಸಿಎಂ’ಗೆ ಹಾಕಿ, ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ ಆನ್ ಮಾಡಿ.

ಉತ್ತರ: ವೇಗ ಬೇಕೇ ಬೇಕೆಂದಿದ್ದರೆ ಕಾರ್ಡ್ ಬದಲಿಸುವುದು ಲೇಸು. ಕೊಳ್ಳುವ ಮೊದಲು ಹಿಂಬದಿ ಬಿಚ್ಚಿ ಸ್ಲಾಟ್ ನೋಡಿ: ಅರ್ಧ ಮಿನಿ ಪಿಸಿಐಇ ಇದ್ದರೆ ಇಂಟೆಲ್ 7260, ಎಂ.2 ಇದ್ದರೆ ಎಎಕ್ಸ್200. ಎಎಕ್ಸ್201 ತರಬೇಡಿ, ಅದು ಹೊಸ ಇಂಟೆಲ್ ಪ್ರೊಸೆಸರ್‌ಗಳ ಜೊತೆಗಷ್ಟೇ ನಡೆಯುವ ಬೇರೆ ಜಾತಿ. ಹಳೆಯ ಕೆಲವು ಲ್ಯಾಪ್‌ಟಾಪ್‌ಗಳ ಬಯೋಸ್ ತನ್ನ ಪಟ್ಟಿಯಲ್ಲಿಲ್ಲದ ಕಾರ್ಡ್ ಕಂಡರೆ ಬೂಟ್ ಆಗಲೂ ಬಿಡುವುದಿಲ್ಲ, ನಿಮ್ಮ ಮಾಡೆಲ್‌ಗೆ ಹಾಗಿದೆಯೇ ಎಂದು ವಿಚಾರಿಸಿಕೊಳ್ಳಿ. ಆಂಟೆನಾ ತಂತಿ ಒಂದೇ ಇದ್ದರೆ ಇನ್ನೊಂದನ್ನೂ ಎಳೆಯಬೇಕಾಗುತ್ತದೆ. ಎಂ.2 ಕಾರ್ಡಿನ ಆಂಟೆನಾ ಕನೆಕ್ಟರ್ ಮಿನಿ ಪಿಸಿಐಇಯದ್ದಕ್ಕಿಂತ ಚಿಕ್ಕದು, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಬ್ಯಾಟರಿ ತೆಗೆದು, ಕನೆಕ್ಟರನ್ನು ಕಾರ್ಡಿನ ಮೇಲೆ ನೇರವಾಗಿಟ್ಟು ಬೆರಳಿನಿಂದ ಒತ್ತಿದರೆ ಟಿಕ್ ಎಂದು ಕೂರುತ್ತದೆ. ಓರೆಯಾಗಿ ಒತ್ತಿದರೆ ಅದರ ಅಂಚು ಮುದುಡುತ್ತದೆ.