ಪ್ಯಾನಲ್ ಮೀಟರಿನಲ್ಲಿ ವೋಲ್ಟ್–ಆಂಪ್ ಗುಣಿಸಿದರೆ ಒಂದು, ವ್ಯಾಟ್ ಇನ್ನೊಂದು. ಬಿಲ್ ಯಾವುದಕ್ಕೆ?

ಪ್ರಶ್ನೆ (ಮೈಸೂರಿನಿಂದ):
ಗೃಹಜ್ಯೋತಿಯಲ್ಲಿ ನಮಗೆ ಉಚಿತವಾಗಿ ಸಿಗುವುದು 132 ಯೂನಿಟ್. ಈಗ ಪ್ರತಿ ತಿಂಗಳೂ ಅದನ್ನು ದಾಟುತ್ತಿದ್ದೇವೆ. ಕರೆಂಟ್ ಎಲ್ಲಿ ಹೋಗುತ್ತಿದೆ ಅಂತ ತಿಳಿಯಲು ಎಲೆಕ್ಟ್ರಿಷಿಯನ್ ಕೈಲಿ ಡಿಬಿ (ಮನೆಯ ಎಂಸಿಬಿ ಸ್ವಿಚ್‌ಗಳಿರುವ ಪೆಟ್ಟಿಗೆ) ಪಕ್ಕ ಸಿಟಿ ಕಾಯಿಲ್ (ವೈರ್ ಸುತ್ತ ಕೂತು ಕರೆಂಟ್ ಅಳೆಯುವ ಉಂಗುರ) ಇರುವ ಪ್ಯಾನಲ್ ಮೀಟರ್ ಹಾಕಿಸಿದೆ. ಸಂಪಿನ ಮೋಟರ್ ಒಂದೇ ಓಡುವಾಗ 228 ವೋಲ್ಟ್, 4.6 ಆಂಪ್. ಗುಣಿಸಿದರೆ 1,049. ಮೀಟರ್ ಮಾತ್ರ 787 ವ್ಯಾಟ್ ಅನ್ನುತ್ತದೆ! ಗೀಸರ್ ಹಾಕಿದರೆ ಲೆಕ್ಕ ಸರಿ ಬರುತ್ತದೆ. ಮೀಟರ್ ಕೆಟ್ಟಿದೆಯಾ?

ಉತ್ತರ:
ಕೆಟ್ಟಿಲ್ಲ ಸರ್, ಸರಿಯಾಗಿಯೇ ಇದೆ. ಗೀಸರ್ ಒಳಗಿರುವುದು ಬರೀ ಬಿಸಿಯಾಗುವ ಕಾಯಿಲ್, ಅದರ ಪವರ್ ಫ್ಯಾಕ್ಟರ್ (ವೋಲ್ಟ್–ಆಂಪ್ ಗುಣಲಬ್ಧದಲ್ಲಿ ನಿಜವಾದ ವ್ಯಾಟ್ ಎಷ್ಟು ಪಾಲು ಅನ್ನುವುದು) ಹೆಚ್ಚುಕಮ್ಮಿ 1. ಮೋಟರಿನಲ್ಲಿ ಕರೆಂಟ್ ವೋಲ್ಟೇಜಿಗಿಂತ ಹಿಂದೆ ಬೀಳುತ್ತದೆ. 787ನ್ನು 1,049ರಿಂದ ಭಾಗಿಸಿ, 0.75 ಬರುತ್ತದೆ ಅಲ್ವಾ? ಅದೇ ನಿಮ್ಮ ಮೋಟರಿನ ಪವರ್ ಫ್ಯಾಕ್ಟರ್. ಮನೆ ಬಿಲ್ಲಿನ ಯೂನಿಟ್ ವ್ಯಾಟ್ ಲೆಕ್ಕದ್ದೇ. ಸಾವಿರ ವ್ಯಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್.

ಇನ್ನೊಬ್ಬರು:
ಅನುಮಾನ ಇದ್ದರೆ ಹೊರಗಿನ ಮೀಟರ್ ಜೊತೆ ತಾಳೆ ನೋಡಿ. ಅದರ ಮೇಲೆ ಯೂನಿಟ್ಟಿಗೆ 3200 ಪಲ್ಸ್ ಅಂತ ಬರೆದಿದ್ದರೆ, ಗೀಸರ್ ಒಂದನ್ನೇ ಹಾಕಿ ಕೆಂಪು ದೀಪ 32 ಸಲ ಮಿನುಗಲು ಎಷ್ಟು ಸೆಕೆಂಡ್ ಬೇಕು ನೋಡಿ. 36,000ವನ್ನು ಆ ಸೆಕೆಂಡಿನಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. ಸೀಲ್ ಮಾತ್ರ ಮುಟ್ಟಬೇಡಿ. ಇನ್ನು ನಿಮ್ಮ ಪ್ಯಾನಲ್ ಮೀಟರಿನ ಸಿಟಿ ಕಾಯಿಲ್ ಒಳಗೆ ಫೇಸ್ ವೈರ್ ಒಂದೇ ಹೋಗಿರಬೇಕು. ನ್ಯೂಟ್ರಲ್ ಕೂಡ ಸೇರಿದರೆ ಒಂದನ್ನೊಂದು ಹೊಡೆದುಹಾಕಿ ಸೊನ್ನೆ ತೋರಿಸುತ್ತದೆ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರ ಆಯ್ತು. 32 ಮಿನುಗಿಗೆ 18 ಸೆಕೆಂಡ್, ಅಂದರೆ 2,000 ವ್ಯಾಟ್. ಪ್ಯಾನಲ್ ಮೀಟರಿನಲ್ಲಿ 1,980. ನಂಬಿಕೆ ಬಂತು. ಆಮೇಲೆ ರಾತ್ರಿ ಎಲ್ಲರೂ ಮಲಗಿದ ಮೇಲೆ ನೋಡಿದೆ. ಫ್ರಿಡ್ಜ್ ಸುಮ್ನೆ ಇದ್ದಾಗಲೂ 64 ವ್ಯಾಟ್! ಇಡೀ ತಿಂಗಳಿಗೆ 46 ಯೂನಿಟ್ ಆಗುತ್ತದೆ. ಒಂದೊಂದೇ ಎಂಸಿಬಿ ಇಳಿಸುತ್ತಾ ಹೋದಾಗ, ಯುಪಿಎಸ್ ಲೈನ್ ಇಳಿಸಿದ ಕೂಡಲೇ 64 ಇದ್ದದ್ದು 26ಕ್ಕೆ ಬಂತು. ಬ್ಯಾಟರಿ ತುಂಬಿದ ಮೇಲೂ ಇಷ್ಟು ಎಳೆಯುತ್ತದಾ?

ಮೊದಲು ಉತ್ತರಿಸಿದವರು:
38 ಜಾಸ್ತಿಯೇ ಆಯಿತು. ಬ್ಯಾಟರಿ ಹಳೆಯದಾದರೆ ಪೂರ್ತಿ ಚಾರ್ಜ್ ಹಿಡಿಯದೆ ಸದಾ ಎಳೆಯುತ್ತಲೇ ಇರುತ್ತದೆ. ಕೈ ಇಟ್ಟು ನೋಡಿ, ಬೆಚ್ಚಗಿದೆಯಾ? ಡಿಸ್ಟಿಲ್ಡ್ ವಾಟರ್ ಮಟ್ಟವನ್ನೂ ನೋಡಿ. ಹೊಸ ಬ್ಯಾಟರಿ ಕೊಳ್ಳುವ ಮೊದಲು ಅಂಗಡಿಯವರ ಕೈಲಿ ಲೋಡ್ ಟೆಸ್ಟ್ ಮಾಡಿಸಿ.