ಮೊದಲು ರಾತ್ರಿಯ ಕೋಣೆ, ಆಮೇಲೆ ನಡೆಯುವ ದಾರಿ: ಇಂಗ್ಲೆಂಡಿನ ಹಳ್ಳಿಗಳಲ್ಲಿ ಕಾಲ್ನಡಿಗೆ ರಜೆ

ಪ್ರಶ್ನೆ (ಉಡುಪಿಯ ಸದಸ್ಯೆ): ನಾನು, ನಮ್ಮ ಯಜಮಾನರು ಇಬ್ಬರೂ ನಿವೃತ್ತರು. ವಯಸ್ಸು 61 ಮತ್ತು 64. ದಿನಾ ಬೆಳಿಗ್ಗೆ ಮಲ್ಪೆ ಕಡಲತೀರದಲ್ಲಿ ಒಂದು ಗಂಟೆ ನಡೆಯುತ್ತೇವೆ. ಬಸ್ಸಿನಲ್ಲಿ ಕೂತು ಓಡೋಡಿ ನಾಲ್ಕು ದೇಶ ನೋಡುವ ಪ್ರವಾಸ ನಮಗೆ ಬೇಡ. ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ಸ್ ಕಡೆ ಹಳ್ಳಿಯಿಂದ ಹಳ್ಳಿಗೆ ನಮ್ಮ ಪಾಡಿಗೆ ನಡೆಯಬೇಕು ಅಂತ ಆಸೆ. ಗೈಡ್ ಬೇಡ. ಅಲ್ಲಿನ ಕಾಟ್ಸ್‌ವೋಲ್ಡ್ ವೇ ಎಂಬ ಕಾಲ್ನಡಿಗೆ ದಾರಿ ಒಟ್ಟು 164 ಕಿ.ಮೀ. ಅಂತೆ. ಒಂದು ವಾರದಲ್ಲಿ ಮುಗಿಸಬಹುದಾ? ಯೋಜನೆ ಎಲ್ಲಿಂದ ಶುರು ಮಾಡುವುದು?

ಉತ್ತರ (ಮಂಗಳೂರಿನ ಪ್ರವಾಸ ಯೋಜಕ): ಮುಗಿಸಲು ಹೋಗಬೇಡಿ ಮೇಡಂ. ಒಂದು ವಾರ ಅಂದರೆ ದಿನಕ್ಕೆ 23 ಕಿ.ಮೀ.ಗಿಂತ ಜಾಸ್ತಿ ಆಯಿತು. ಮಲ್ಪೆಯ ಮರಳು ಸಪಾಟು, ಇದು ಹಾಗಲ್ಲ. ಈ ದಾರಿ ಗುಡ್ಡದ ಅಂಚು ಹಿಡಿದು ದಿನವಿಡೀ ಹತ್ತಿ ಇಳಿಯುತ್ತದೆ. ಬೆಟ್ಟ ಹತ್ತುವವರು ಬಳಸುವ ಹಳೆಯ ಲೆಕ್ಕವೊಂದಿದೆ, ನೇಸ್ಮಿತ್ ಎಂಬವರು 1892ರಲ್ಲಿ ಹೇಳಿದ್ದು. 5 ಕಿ.ಮೀ.ಗೆ ಒಂದು ಗಂಟೆ, ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ನಿಲ್ಲದೆ ನಡೆಯುವ ಗಟ್ಟಿ ಕಾಲುಗಳಿಗೆ. ಚರ್ಚ್ ಕಂಡರೆ ಒಳಗೆ ಹೋಗಿ, ಫೋಟೋ ತೆಗೆದು, ಚಹಾ ಕುಡಿದು ಹೋಗುವವರಿಗೆ ಗಂಟೆಗೆ 3 ಕಿ.ಮೀ. ಇಟ್ಟುಕೊಳ್ಳಿ. ದಿನಕ್ಕೆ 10ರಿಂದ 13 ಕಿ.ಮೀ. ನಿಮಗೆ ಸಾಕು.

ಎಲ್ಲಿಂದ ಶುರು ಅಂದಿರಿ. ಹೆಚ್ಚಿನವರು ಮ್ಯಾಪ್ ತೆರೆದು ದಾರಿಗೆ ಗೆರೆ ಎಳೆಯುತ್ತಾರೆ, ಆಮೇಲೆ ಕೋಣೆ ಹುಡುಕುತ್ತಾರೆ. ಇದನ್ನು ತಿರುಗಿಸಿ ಮಾಡಬೇಕು. ಹಳ್ಳಿಯಲ್ಲಿ ಇರುವುದೇ ಒಂದೆರಡು ಪಬ್, ನಾಲ್ಕಾರು ಬಿ ಅಂಡ್ ಬಿ, ಅಂದರೆ ರಾತ್ರಿಗೆ ಕೋಣೆ, ಬೆಳಿಗ್ಗೆ ತಿಂಡಿ ಕೊಡುವ ಮನೆಗಳು. ಅವು ತುಂಬಿದರೆ ಮುಂದಿನ ಹಾಸಿಗೆ ಇನ್ನೊಂದು ಗುಡ್ಡದ ಆಚೆ. ಶನಿವಾರ ಒಂದೇ ರಾತ್ರಿಗೆ ಕೋಣೆ ಕೊಡದವರೂ ಬಹಳ ಜನ, ಎರಡು ರಾತ್ರಿ ತೆಗೆದುಕೊಳ್ಳಿ ಅನ್ನುತ್ತಾರೆ. ಮೇ ತಿಂಗಳ ಮೊದಲ ಮತ್ತು ಕೊನೆಯ ಸೋಮವಾರ ಅಲ್ಲಿ ರಜೆ. ಆ ವಾರಾಂತ್ಯಗಳಲ್ಲಿ ಕೋಣೆ ಸಿಗುವುದೇ ಕಷ್ಟ. ಆದ್ದರಿಂದ ಮೊದಲು ಮಲಗುವ ಜಾಗ ಗಟ್ಟಿ ಮಾಡಿ, ನಡುವೆ ಎಷ್ಟು ದೂರ ಉಳಿಯುತ್ತದೆಯೋ ಅದೇ ಆ ದಿನದ ನಡಿಗೆ.

ನಾನಾದರೆ ನಿಮಗೆ ಉತ್ತರದ ತುದಿ ಮಾತ್ರ ಹೇಳುತ್ತೇನೆ. ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ಮೋರ್ಟನ್-ಇನ್-ಮಾರ್ಶ್‌ಗೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಅಲ್ಲಿಂದ ಬಸ್ಸಲ್ಲೋ ಟ್ಯಾಕ್ಸಿಯಲ್ಲೋ ಚಿಪ್ಪಿಂಗ್ ಕ್ಯಾಂಪ್ಡನ್. ಕಾಟ್ಸ್‌ವೋಲ್ಡ್ ವೇ ಶುರುವಾಗುವುದೇ ಆ ಊರಲ್ಲಿ. ಅಲ್ಲಿ ಎರಡು ರಾತ್ರಿ ಇರಿ, ಪ್ರಯಾಣದ ಸುಸ್ತು ಹೋಗಲಿ. ಮೂರನೇ ದಿನ ಬ್ರಾಡ್‌ವೇಗೆ ನಡೆಯಿರಿ, ಸುಮಾರು 10 ಕಿ.ಮೀ. ಊರಿಗೆ ಇಳಿಯುವ ಮೊದಲೇ ಗುಡ್ಡದ ಮೇಲೆ ಹದಿನೆಂಟನೇ ಶತಮಾನದ ಕೊನೆಯಲ್ಲಿ ಕಟ್ಟಿದ ಬ್ರಾಡ್‌ವೇ ಟವರ್ ಸಿಗುತ್ತದೆ.

ಬ್ರಾಡ್‌ವೇಯಿಂದ ವಿಂಚ್‌ಕೂಮ್ ಸುಮಾರು 19 ಕಿ.ಮೀ. ಇದನ್ನು ಒಂದೇ ದಿನದಲ್ಲಿ ನಡೆಯಬೇಡಿ. ಬ್ರಾಡ್‌ವೇಯಲ್ಲೇ ಎರಡು ರಾತ್ರಿಗೆ ಕೋಣೆ ಮಾಡಿ. ಮೊದಲ ದಿನ ಸ್ಟ್ಯಾಂಟನ್ ತನಕ ನಡೆದು ಟ್ಯಾಕ್ಸಿಯಲ್ಲಿ ಬ್ರಾಡ್‌ವೇಗೇ ವಾಪಸ್. ಮರುದಿನ ಟ್ಯಾಕ್ಸಿ ನಿಮ್ಮನ್ನು ಸ್ಟ್ಯಾಂಟನ್‌ನಲ್ಲಿ ಬಿಡಲಿ, ಅಲ್ಲಿಂದ ವಿಂಚ್‌ಕೂಮ್‌ಗೆ ಹೊರಡಿ. ದಾರಿಯಲ್ಲಿ ಹೇಲ್ಸ್ ಎಂಬಲ್ಲಿ 1246ರಲ್ಲಿ ಸ್ಥಾಪನೆಯಾದ ಮಠದ ಅವಶೇಷಗಳಿವೆ, ನೋಡದೆ ಮುಂದೆ ಹೋಗಬೇಡಿ. ಟ್ಯಾಕ್ಸಿಯನ್ನು ಮಾತ್ರ ಹಿಂದಿನ ದಿನವೇ ಫೋನ್ ಮಾಡಿ ಗೊತ್ತುಮಾಡಬೇಕು. ಮಂಗಳೂರಿನ ಹಾಗೆ ಆ್ಯಪ್ ಒತ್ತಿದರೆ ಬರುವ ಗಾಡಿಯನ್ನು ಅಲ್ಲಿ ನಂಬಲಾಗದು. ಕಾಲು ನೋವಾದರೆ ಬ್ರಾಡ್‌ವೇಯಿಂದ ವಿಂಚ್‌ಕೂಮ್‌ಗೆ ಹಬೆ ಎಂಜಿನ್‌ನ ಹಳೆಯ ರೈಲೂ ಓಡುತ್ತದೆ. ದಿನಾ ಇರುವುದಿಲ್ಲ, ಓಡುವ ದಿನ ಮೊದಲೇ ನೋಡಿಟ್ಟುಕೊಳ್ಳಿ.

ವಿಂಚ್‌ಕೂಮ್‌ನಲ್ಲೂ ಎರಡು ರಾತ್ರಿ ಇರಿ. ಅಲ್ಲಿನ ಸ್ಯೂಡ್ಲಿ ಕೋಟೆಯಲ್ಲಿ ಎಂಟನೇ ಹೆನ್ರಿಯ ಕೊನೆಯ ರಾಣಿ ಕ್ಯಾಥರೀನ್ ಪಾರ್ ಸಮಾಧಿ ಇದೆ. ಶಕ್ತಿ ಇದ್ದರೆ ಕ್ಲೀವ್ ಹಿಲ್ ಹತ್ತಿ ಬನ್ನಿ. ಕಾಟ್ಸ್‌ವೋಲ್ಡ್ಸ್‌ನ ಅತಿ ಎತ್ತರದ ಜಾಗ, ಸುಮಾರು 330 ಮೀಟರ್. ಇಡೀ ದಾರಿ ನಡೆದ ಸರ್ಟಿಫಿಕೇಟ್ ಸಿಗುವುದಿಲ್ಲ, ನಿಜ. ಆದರೆ ನೀವು ಕೇಳಿದ್ದು ಹಳ್ಳಿ ನೋಡುವ ರಜೆ ಅಲ್ವಾ?

ಕಾಲ: ಮೇ ಮಧ್ಯದಿಂದ ಜೂನ್ ಕೊನೆ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತು ದಾಟಿರುತ್ತದೆ. ಹಾಗಾಗಿ ತಡವಾದರೂ ಗಾಬರಿ ಇಲ್ಲ.

ಪ್ರಶ್ನೆ (ಕಾರ್ಕಳದಿಂದ): ಇನ್ನೊಬ್ಬರ ಹೊಲದೊಳಗೆ ನುಗ್ಗಿ ನಡೆಯಲು ಬಿಡುತ್ತಾರಾ? ದಾರಿ ತಪ್ಪಿದರೆ?

ಉತ್ತರ: ಬಿಡುತ್ತಾರೆ, ಅದು ಕಾನೂನಿನ ಹಕ್ಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 2,25,000 ಕಿ.ಮೀ. ಸಾರ್ವಜನಿಕ ಹಕ್ಕಿನ ದಾರಿಗಳಿವೆ. ಜಮೀನು ಖಾಸಗಿಯಾದರೂ ಆ ದಾರಿಯಲ್ಲಿ ಯಾರೂ ನಡೆಯಬಹುದು. ನನಗೆ ಆ ದೇಶದಲ್ಲಿ ತುಂಬಾ ಇಷ್ಟವಾದದ್ದು ಇದೇ. ಹಳದಿ ಬಾಣ ಇದ್ದರೆ ನಡೆಯುವವರಿಗೆ ಮಾತ್ರ, ನೀಲಿ ಬಾಣ ಇದ್ದರೆ ಕುದುರೆ, ಸೈಕಲ್‌ಗೂ ದಾರಿ. ಕಾಟ್ಸ್‌ವೋಲ್ಡ್ ವೇ ರಾಷ್ಟ್ರೀಯ ದಾರಿ ಆದ್ದರಿಂದ ಕಂಬಗಳ ಮೇಲೆ ಓಕ್ ಕಾಯಿಯ ಗುರುತೂ ಇರುತ್ತದೆ. ಬೇಲಿ ದಾಟಲು ತಡಮೆ ಅಥವಾ ಗೇಟು ಇರುತ್ತದೆ. ಗೇಟು ಹೇಗಿತ್ತೋ ಹಾಗೇ ಬಿಟ್ಟು ಹೋಗಿ, ಮುಚ್ಚಿದ್ದರೆ ಮುಚ್ಚಿ.

ಫೋನಿನಲ್ಲಿ ಮ್ಯಾಪ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಕಣಿವೆಗಳಲ್ಲಿ ಸಿಗ್ನಲ್ ಹೋಗುತ್ತದೆ. ಜೊತೆಗೆ ಅಲ್ಲಿನ ಸರಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ಕಾಗದದ ಮ್ಯಾಪ್ ಬೇಕೇ ಬೇಕು. ಅದರಲ್ಲಿ 4 ಸೆಂ.ಮೀ. ಅಂದರೆ 1 ಕಿ.ಮೀ. ಹಕ್ಕಿನ ದಾರಿಗಳು ಹಸಿರು ಚುಕ್ಕಿಗೆರೆಯಲ್ಲಿ ಇರುತ್ತವೆ. ಬ್ಯಾಟರಿ ಮುಗಿದರೂ ಅದು ಕೈಕೊಡುವುದಿಲ್ಲ.

ಎಚ್ಚರ ಬೇಕಾದದ್ದು ದನಗಳ ಬಗ್ಗೆ. ನಮ್ಮೂರಿನ ರಸ್ತೆ ದನಗಳನ್ನು ನೋಡಿ ನಮಗೆ ಸಲುಗೆ ಜಾಸ್ತಿ. ಅಲ್ಲಿ ಕರು ಜೊತೆಗಿರುವ ಹಸುಗಳ ಹಿಂಡು ಕಂಡರೆ ಹತ್ತಿರ ಹೋಗಬೇಡಿ, ತಾಯಿ ಮತ್ತು ಕರುವಿನ ನಡುವೆ ಬರಲೇಬೇಡಿ. ಹೊಲದ ಅಂಚಿನಲ್ಲಿ ಸುತ್ತು ಹಾಕಿ, ಸದ್ದು ಮಾಡದೆ ಸಾಗಿ.

ಪ್ರಶ್ನೆ (ಸುರತ್ಕಲ್‌ನಿಂದ): ವೀಸಾ ಮೊದಲೋ, ಕೋಣೆ ಮೊದಲೋ? ಸೂಟ್‌ಕೇಸ್ ಹೊತ್ತು ನಡೆಯುವುದು ಹೇಗೆ?

ಉತ್ತರ: ಬ್ರಿಟನ್ನಿನ ವಿಸಿಟರ್ ವೀಸಾಕ್ಕೆ ಪ್ರಯಾಣಕ್ಕೆ ಮೂರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು, ಅದಕ್ಕಿಂತ ಮೊದಲು ಆಗದು. ಒಳ್ಳೆಯ ಕೋಣೆಗಳು ಅದಕ್ಕೂ ಮೊದಲೇ ಹೋಗಿಬಿಡುತ್ತವೆ. ಹಾಗಾಗಿ ಉಚಿತವಾಗಿ ರದ್ದು ಮಾಡಬಹುದಾದ ಕೋಣೆಗಳನ್ನೇ ಹಿಡಿಯಿರಿ. ವಿಮಾನದ ಟಿಕೆಟ್ ವೀಸಾ ಬಂದ ಮೇಲೆ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ವೀಸಾ ಇದ್ದರೂ ಅದು ಬ್ರಿಟನ್ನಿಗೆ ನಡೆಯುವುದಿಲ್ಲ, ಇದನ್ನು ಬಹಳ ಜನ ಕೇಳುತ್ತಾರೆ. ಯಾವ ರಾತ್ರಿ ಯಾವ ಹಳ್ಳಿ ಅಂತ ಒಂದು ಪುಟದಲ್ಲಿ ಬರೆದು ಅರ್ಜಿಯ ಜೊತೆ ಇಡಿ. ಇನ್ಶೂರೆನ್ಸ್ ಮಾಡಿಸುವಾಗ ಕಾಲ್ನಡಿಗೆಯಲ್ಲಿ ಆಗುವ ಗಾಯಕ್ಕೂ ಅನ್ವಯಿಸುತ್ತದಾ ಅಂತ ಓದಿ ನೋಡಿ.

ಸೂಟ್‌ಕೇಸಿನ ಚಿಂತೆ ಬೇಡ. ಬೆಳಿಗ್ಗೆ ಒಂದು ಕೋಣೆಯಿಂದ ಎತ್ತಿ ಸಂಜೆಯೊಳಗೆ ಮುಂದಿನದಕ್ಕೆ ಮುಟ್ಟಿಸುವವರು ಇದ್ದಾರೆ. ಬೆನ್ನಿಗೆ ನೀರು, ಮಳೆ ಜಾಕೆಟ್, ಬೆಚ್ಚನೆಯ ಒಂದು ಅಂಗಿ, ಔಷಧಿ, ಪಾಸ್‌ಪೋರ್ಟ್ ಸಾಕು. ಕೊಡೆ ನಂಬಬೇಡಿ, ಗುಡ್ಡದ ಗಾಳಿಗೆ ನಿಲ್ಲುವುದಿಲ್ಲ.

ಪ್ರಶ್ನೆ (ಮೊದಲಿನ ಸದಸ್ಯೆ): ಊಟದ್ದು ಹೇಳಲಿಲ್ಲ. ನಾವು ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ.

ಉತ್ತರ: ಪಬ್‌ಗಳಲ್ಲಿ ಸಸ್ಯಾಹಾರ ಸಿಗುತ್ತದೆ, ಮೆನುವಿನಲ್ಲಿ ವಿ ಅಂತ ಗುರುತಿರುತ್ತದೆ. ಆದರೆ ಅದರಲ್ಲಿ ಮೊಟ್ಟೆ ಇರಬಹುದು. ವೀಗನ್ (ಹಾಲು, ಮೊಟ್ಟೆಯೂ ಇಲ್ಲದ್ದು) ಅಂತ ಬರೆದದ್ದನ್ನೇ ತೆಗೆದುಕೊಂಡರೆ ನಿಮಗೆ ನಿಶ್ಚಿಂತೆ. ಕೋಣೆ ಬುಕ್ ಮಾಡುವಾಗಲೇ ತಿಂಡಿಗೆ ಮೊಟ್ಟೆ ಬೇಡ ಅಂತ ಬರೆಯಿರಿ. ಹೊತ್ತು ಮುಖ್ಯ. ಎಷ್ಟೋ ಪಬ್‌ಗಳ ಅಡುಗೆಮನೆ ಮಧ್ಯಾಹ್ನ ಎರಡು, ಎರಡೂವರೆಗೆ ಮುಚ್ಚಿ ಮತ್ತೆ ಸಂಜೆಯೇ ತೆರೆಯುತ್ತದೆ. ಭಾನುವಾರ ರಾತ್ರಿ ಊಟ ಇಲ್ಲದ ಊರೂ ಇದೆ. ಅವಲಕ್ಕಿ, ಚಟ್ನಿ ಪುಡಿ ಒಯ್ಯಿರಿ. ತುಪ್ಪ, ಪೇಡೆ ಬೇಡ, ಇಲ್ಲಿಂದ ಹಾಲಿನ ಪದಾರ್ಥ ಒಯ್ಯಲು ಅನುಮತಿ ಇಲ್ಲ.

ಪ್ರಶ್ನೆ (ಮಂಗಳೂರಿನಿಂದ): ಅಷ್ಟು ದೂರ ಬೇಡ ಅನ್ನುವವರಿಗೆ?

ಉತ್ತರ: ಶ್ರೀಲಂಕಾದ ಪೀಕೋ ಟ್ರೇಲ್ ನೋಡಿ. ಚಹಾ ತೋಟಗಳ ನಡುವೆ 300 ಕಿ.ಮೀ.ಗೂ ಹೆಚ್ಚು ಉದ್ದ, 22 ಹಂತ. ಬೇಕಾದ ಎರಡೋ ಮೂರೋ ಆರಿಸಿಕೊಳ್ಳಬಹುದು. ಜಪಾನಿನ ಹಳೆಯ ಯಾತ್ರಾ ದಾರಿ ಕುಮಾನೊ ಕೊಡೊ ಕೂಡ ಒಳ್ಳೆಯದು. ಆದರೆ ಅಲ್ಲಿನ ಸಾರಿನಲ್ಲಿ ಮೀನಿನ ರಸ ಸಾಮಾನ್ಯ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಪ್ರತಿ ತಂಗುಮನೆಗೂ ಮೊದಲೇ ಬರೆದು ಕೇಳಬೇಕು.

ಪ್ರಶ್ನೆ (ಮೊದಲಿನ ಸದಸ್ಯೆ): ಈಗಿನಿಂದ ಅಭ್ಯಾಸ ಹೇಗೆ?

ಉತ್ತರ: ಮರಳಿನ ನಡಿಗೆ ಬಿಡಬೇಡಿ, ಆದರೆ ವಾರಕ್ಕೆ ಎರಡು ದಿನ ಉಡುಪಿಯಿಂದ ಮಣಿಪಾಲಕ್ಕೆ ಏರು ಹತ್ತಿ. ಅಲ್ಲಿ ಹಾಕುವ ಬೂಟನ್ನೇ ಹಾಕಿ, ಬೆನ್ನಿಗೆ ನಾಲ್ಕು ಕಿಲೋ ಚೀಲ ಇರಲಿ. ಎರಡೂ ದಿನ ಸಾಲಾಗಿ ಮಾಡಿ, ಶನಿವಾರ, ಭಾನುವಾರ. ಮಂಡಿಯ ನಿಜ ಗೊತ್ತಾಗುವುದು ಎರಡನೇ ದಿನ, ಅದೂ ಇಳಿಯುವಾಗ. ನೋವು ಬಂದರೆ ಎರಡು ನಡಿಗೆ ಕೋಲು ತೆಗೆದುಕೊಂಡು ಇಲ್ಲೇ ರೂಢಿ ಮಾಡಿಕೊಳ್ಳಿ.

ಇನ್ನೊಂದು. ಉದ್ದ ಹುಲ್ಲಲ್ಲಿ ಅಲ್ಲೂ ಉಣ್ಣಿ ಇರುತ್ತವೆ. ನಮ್ಮಲ್ಲಿ ಮಂಗನ ಕಾಯಿಲೆ ಹರಡುವ ಹಾಗೆ ಅಲ್ಲಿ ಲೈಮ್ ಕಾಯಿಲೆ ಹರಡುತ್ತವೆ. ಉದ್ದ ಪ್ಯಾಂಟ್ ಹಾಕಿ, ರಾತ್ರಿ ಸ್ನಾನದ ಹೊತ್ತಿಗೆ ಮಂಡಿಯ ಹಿಂದೆ, ಸೊಂಟದ ಸುತ್ತ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಎಣ್ಣೆ ಹಚ್ಚಬೇಡಿ, ಸುಡಬೇಡಿ. ಸಣ್ಣ ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನಿಧಾನವಾಗಿ ನೇರ ಎಳೆಯಿರಿ. ಊರಿಗೆ ಬಂದ ಮೇಲೂ ಆ ಜಾಗದಲ್ಲಿ ಕೆಂಪು ಹರಡಿದರೆ ಅಥವಾ ಜ್ವರ ಬಂದರೆ, ಉಣ್ಣಿ ಕಚ್ಚಿತ್ತು ಅಂತ ಡಾಕ್ಟರಿಗೆ ತಪ್ಪದೆ ಹೇಳಿ.